ಪೆನ್ನೆಸರ ಸಮೀಕರಣವೂ ಪ್ರಾಸ್ಟೇಟ್ ಉಷ್ಣಚಿಕಿತ್ಸೆಯ ಗಣಕ ಮಾದರಿಗಳೂ: ಒಂದು ಆಕರ ವಿಮರ್ಶೆ

ಪ್ರಾಸ್ಟೇಟ್ ಗ್ರಂಥಿಯು ವಯಸ್ಸಾದಂತೆ ಹಿಗ್ಗಿ, ತನ್ನ ನಡುವೆ ಹಾದುಹೋಗುವ ಮೂತ್ರನಾಳವನ್ನು ಒತ್ತುವುದು ಬಹುಮಂದಿ ಗಂಡಸರಿಗೆ ಒದಗುವ ಬಾಧೆಯಾಗಿದೆ. ಇದು ಕ್ಯಾನ್ಸರಲ್ಲವಾದರೂ ರೋಗಿಯ ನಿದ್ರೆಯನ್ನೂ ನೆಮ್ಮದಿಯನ್ನೂ ಕೆಡಿಸುತ್ತದೆ. ಕೆಲವೊಮ್ಮೆ ಮೂತ್ರವೇ ಕಟ್ಟಿಹೋಗುವುದೂ ಉಂಟು. ನಾಳದ ಮೂಲಕ ಉಪಕರಣವನ್ನು ತೂರಿಸಿ, ಹೆಚ್ಚಿದ ಭಾಗವನ್ನು ಒಳಗಿನಿಂದಲೇ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯು ಬಹುಕಾಲ ಈ ರೋಗದ ಚಿಕಿತ್ಸೆಗೆ ಪ್ರಮಾಣವಾಗಿತ್ತು. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಅದರ ಬದಲಾಗಿ ಶಾಖದಿಂದಲೇ ಆ ಭಾಗವನ್ನು ಸಾಯಿಸುವ ವಿಧಾನಗಳು ಬಂದವು. ಅವುಗಳಲ್ಲಿ ಮುಖ್ಯವಾದುದು ಸೂಕ್ಷ್ಮತರಂಗಗಳ ಚಿಕಿತ್ಸೆ. ಮೂತ್ರನಾಳದಲ್ಲಿಟ್ಟ ಕೊಳವೆಯ ತುದಿಯ ಹತ್ತಿರ ಒಂದು ಚಿಕ್ಕ ಆಂಟೆನಾ ಇರುತ್ತದೆ. ಕೊಳವೆಯಲ್ಲಿ ತಣ್ಣೀರು ಹರಿದು ನಾಳದ ಒಳಪೊರೆಯನ್ನು ಕಾಪಾಡುತ್ತದೆ. ಕೆಲವು ಮಿಲಿಮೀಟರುಗಳಾಚೆ ಗ್ರಂಥಿಯ ಮಾಂಸವು ಬೇಯುತ್ತದೆ. ಇಂಥ ಯಂತ್ರಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೊದಲ ಬಾರಿಗೆ ೧೯೯೬ರಲ್ಲಿ ಅನುಮತಿ ಕೊಟ್ಟಿತು.

ಗ್ರಂಥಿಯೊಳಗೆ ಎಲ್ಲಿ ಎಷ್ಟು ಶಾಖವೇರಿದೆಯೆಂಬುದು ವೈದ್ಯನ ಕಣ್ಣಿಗೆ ಕಾಣದು. ಕಾಣದುದನ್ನು ಗಣಕಯಂತ್ರವು ಲೆಕ್ಕದಿಂದ ತೋರಿಸುತ್ತದೆ. ಆ ಲೆಕ್ಕದ ಆಧಾರವೇನು, ಆ ಆಧಾರವು ಎಲ್ಲಿಂದ ಬಂದಿತು, ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೇ ಎಂದು ವಾಚಕರು ಕೇಳಬಹುದು. ಶಾಸನದ ಪಾಠವನ್ನು ನಿರ್ಧರಿಸುವಾಗ ನಾವು ಮೂಲದ ಕಲ್ಲಿಗೆ ಹೋಗುತ್ತೇವೆ. ಅಚ್ಚಾದ ಪಾಠವನ್ನು ನಂಬಿ ಕೂರುವುದಿಲ್ಲ. ಸಮೀಕರಣವೂ ಒಂದು ಪಾಠವೇ. ಅದಕ್ಕೂ ಮೂಲಪ್ರತಿಯುಂಟು, ನಕಲುಗಳುಂಟು, ನಕಲುಗಾರರ ಕೈತಪ್ಪೂ ಉಂಟು.

ಈ ಮಾದರಿಗಳ ಬೆನ್ನೆಲುಬಾಗಿರುವುದು ೧೯೪೮ರಲ್ಲಿ ಅಮೆರಿಕದ ಅನ್ವಯಿಕ ಶರೀರವಿಜ್ಞಾನದ ಪತ್ರಿಕೆಯ ಮೊದಲ ಸಂಪುಟದಲ್ಲಿ ಪ್ರಕಟವಾದ ಹ್ಯಾರಿ ಪೆನ್ನೆಸರ ಪ್ರಬಂಧ. ವಿಶ್ರಾಂತಿಯಲ್ಲಿರುವ ಮನುಷ್ಯನ ಮುಂದೋಳಿನಲ್ಲಿ ಅಂಗಾಂಶದ ಮತ್ತು ಅಪಧಮನಿಯ ರಕ್ತದ ಉಷ್ಣತೆಗಳ ವಿಶ್ಲೇಷಣೆಯೆಂಬುದು ಅದರ ವಿಷಯ. ಪೆನ್ನೆಸರು ಅತಿ ಸೂಕ್ಷ್ಮವಾದ ಉಷ್ಣಯುಗ್ಮದ ತಂತಿಯನ್ನು ಮುಂದೋಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಲಾಗಿ ಎಳೆದು, ಚರ್ಮದಿಂದ ನಡುಭಾಗದವರೆಗೆ ಉಷ್ಣತೆಯು ಹೇಗೆ ಏರಿ ಮತ್ತೆ ಇಳಿಯುತ್ತದೆಂಬುದನ್ನು ಅಳೆದರು. ಅಳೆದುದನ್ನು ವಿವರಿಸಲು ಒಂದು ಸಮೀಕರಣವನ್ನು ರಚಿಸಿದರು. ಅದರ ಹುರುಳು ಸರಳವಾದುದು. ಅಂಗಾಂಶದ ಒಂದು ತುಣುಕಿನಲ್ಲಿ ಶಾಖವು ಮೂರು ರೀತಿಯಲ್ಲಿ ಹೆಚ್ಚುಕಡಿಮೆಯಾಗುತ್ತದೆ: ಪಕ್ಕದ ತುಣುಕಿನಿಂದ ವಹನವಾಗಿ, ಜೀವಕೋಶಗಳ ಚಯಾಪಚಯದಿಂದ ಹುಟ್ಟಿ, ಮತ್ತು ರಕ್ತವು ತಂದು ಕೊಟ್ಟು ಅಥವಾ ಕೊಂಡೊಯ್ದು. ಮೊದಲನೆಯದು ಫೂರಿಯೇನ ಕಾಲದಿಂದ, ಎಂದರೆ ೧೮೨೨ರಿಂದ, ಪಂಡಿತರಿಗೆ ಪರಿಚಿತವಾದುದು. ಪೆನ್ನೆಸರ ಹೊಸತನವೆಲ್ಲ ಮೂರನೆಯದರಲ್ಲಿದೆ. ಒಳಬರುವ ರಕ್ತದ ಉಷ್ಣತೆಗೂ ಅಂಗಾಂಶದ ಉಷ್ಣತೆಗೂ ಇರುವ ಅಂತರವನ್ನು ರಕ್ತದ ಹರಿವಿನಿಂದ ಗುಣಿಸಿದರೆ ರಕ್ತದಿಂದಾಗುವ ಶಾಖದ ವಿನಿಮಯ ದೊರೆಯುತ್ತದೆಂದು ಅವರು ಹೇಳಿದರು. ಇಂದು ಸೂಕ್ಷ್ಮತರಂಗಗಳಿಂದ ಹೀರಲ್ಪಟ್ಟ ಶಕ್ತಿಯನ್ನು ನಾಲ್ಕನೆಯ ಪದವಾಗಿ ಸೇರಿಸಿ ಪ್ರಾಸ್ಟೇಟಿಗೆ ಇದನ್ನೇ ಬಳಸುತ್ತಾರೆ.

ಈಗ ಮೂಲಪಾಠವನ್ನು ನೋಡೋಣ. ಪೆನ್ನೆಸರ ರಕ್ತಪದದಲ್ಲಿ ಇನ್ನೊಂದು ಗುಣಕವಿದೆ. ಶೂನ್ಯದಿಂದ ಒಂದರವರೆಗೆ ಬೆಲೆ ತಾಳಬಲ್ಲ ಅದು, ಲೋಮನಾಳಗಳನ್ನು ದಾಟಿ ಹೊರಡುವ ರಕ್ತವು ಅಂಗಾಂಶದ ಉಷ್ಣತೆಗೆ ಎಷ್ಟರಮಟ್ಟಿಗೆ ಹೊಂದಿಕೊಂಡಿದೆಯೆಂಬುದನ್ನು ಸೂಚಿಸುತ್ತದೆ. ಸಂಪೂರ್ಣವಾಗಿ ಹೊಂದಿಕೊಂಡಿದ್ದರೆ ಬೆಲೆ ಶೂನ್ಯ. ಸ್ವಲ್ಪವೂ ಹೊಂದಿಕೊಳ್ಳದೆ ಬಂದಂತೆಯೇ ಹೊರಟುಹೋದರೆ ಒಂದು. ಪೆನ್ನೆಸರು ತಮ್ಮ ಲೆಕ್ಕಕ್ಕಾಗಿ ಅದನ್ನು ಶೂನ್ಯವೆಂದು ಇಟ್ಟುಕೊಂಡರು. ಆದರೆ ಗುಣಕವನ್ನು ಅಳಿಸಲಿಲ್ಲ. ಇದು ನನ್ನ ಊಹೆ, ಬೇಕಾದವರು ಬದಲಿಸಿಕೊಳ್ಳಲಿ ಎಂಬಂತೆ ಪಾಠದಲ್ಲಿ ಉಳಿಸಿದರು. ಬಳಿಕ ಬಂದವರು ಬಹುತೇಕ ಅದನ್ನು ಬಿಟ್ಟೇ ಬರೆದರು. ಓಲೆಗರಿಯ ಪ್ರತಿಯಲ್ಲಿ ಅರ್ಥವಾಗದ ಅಕ್ಷರವನ್ನು ಲಿಪಿಕಾರನು ಹಾರಿಸಿ ಮುಂದೆ ಹೋದರೆ ಪಾಠವು ಓದಲು ಸಲೀಸಾಗುತ್ತದೆ, ಮತ್ತು ಅಲ್ಲೊಂದು ಸಂದೇಹವಿತ್ತೆಂಬುದೇ ಮರೆತುಹೋಗುತ್ತದೆ. ಇಲ್ಲಿಯೂ ಆದದ್ದು ಅದೇ. ಒಬ್ಬನ ಊಹೆಯಾಗಿದ್ದುದು ಎಲ್ಲರ ನಿಯಮವಾಯಿತು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಪೆನ್ನೆಸರು ಉಷ್ಣತೆಗಳನ್ನು ಅಳೆದರು. ರಕ್ತದ ಹರಿವನ್ನು ಅಳೆಯಲಿಲ್ಲ. ಹರಿವಿಗೆ ಯಾವ ಬೆಲೆಯನ್ನು ಕೊಟ್ಟರೆ ಲೆಕ್ಕದ ರೇಖೆಯು ಅಳತೆಯ ಬಿಂದುಗಳಿಗೆ ಸಮೀಪಿಸುವುದೋ ಅಂಥ ಬೆಲೆಯನ್ನು ಆರಿಸಿಕೊಂಡರು. ಹಾಗೆ ಮಾಡುವುದು ದೋಷವೆಂದು ನಾವು ಹೇಳುವುದಿಲ್ಲ. ಆದರೆ ಹೊಂದಿಸಿಕೊಂಡ ಬೆಲೆಗೂ ಅಳೆದ ಬೆಲೆಗೂ ಪ್ರಮಾಣಬಲದಲ್ಲಿ ಭೇದವುಂಟೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ಒಬ್ಬ ಅರಸನ ಪಟ್ಟಾಭಿಷೇಕದ ವರ್ಷವು ಶಾಸನದಲ್ಲಿ ಕೆತ್ತಲ್ಪಟ್ಟಿರುವುದು ಒಂದು ಬಗೆ. ಮುಂದಿನ ಹಿಂದಿನ ಕಾಲಗಣನೆ ಸರಿಹೋಗಲೆಂದು ನಾವು ಒಂದು ವರ್ಷವನ್ನು ಊಹಿಸಿಕೊಳ್ಳುವುದು ಇನ್ನೊಂದು ಬಗೆ.

ಪೆನ್ನೆಸರ ಮೇಲೆ ಆಕ್ಷೇಪಗಳು ತಡವಾಗಿ ಬಂದವು, ಬಂದಾಗ ಬಲವಾಗಿಯೇ ಬಂದವು. ರಕ್ತವು ದಿಕ್ಕುಳ್ಳ ಪ್ರವಾಹವಾಗಿದ್ದರೂ ಈ ಸಮೀಕರಣದಲ್ಲಿ ಅದಕ್ಕೆ ದಿಕ್ಕೇ ಇಲ್ಲವೆಂದು ವುಲ್ಫ್ ಅವರು ೧೯೭೪ರಲ್ಲಿ ತೋರಿಸಿದರು. ಶಾಖದ ವಿನಿಮಯವು ನಡೆಯುವುದು ಲೋಮನಾಳಗಳಲ್ಲಿ ಎಂಬ ಪೆನ್ನೆಸರ ಊಹೆಯು ನಿಲ್ಲದು, ರಕ್ತವು ಅಲ್ಲಿಗೆ ತಲುಪುವ ಮುನ್ನವೇ ಸಣ್ಣ ಅಪಧಮನಿಗಳಲ್ಲಿ ಸುತ್ತಣ ಉಷ್ಣತೆಯನ್ನು ಪಡೆದುಬಿಡುತ್ತದೆ ಎಂದು ೧೯೮೦ರಲ್ಲಿ ಚೆನ್ ಮತ್ತು ಹೋಮ್ಸ್ ಅವರು ವಾದಿಸಿದರು. ೧೯೮೫ರಲ್ಲಿ ವೈನ್‌ಬಾಮ್ ಮತ್ತು ಜಿಜಿ ಅವರು, ಜೋಡಿಯಾಗಿ ಎದುರುಬದುರು ಹರಿಯುವ ಅಪಧಮನಿ ಅಭಿಧಮನಿಗಳನ್ನು ಲೆಕ್ಕಕ್ಕೆ ತಂದು ಬೇರೊಂದು ಸಮೀಕರಣವನ್ನೇ ಮುಂದಿಟ್ಟರು. ಇಲ್ಲಿ ಒಂದು ಸ್ವಾರಸ್ಯವಿದೆ. ಪೆನ್ನೆಸರ ಪ್ರಬಂಧವು ಅಚ್ಚಾದ ಅದೇ ಸಂಪುಟದಲ್ಲಿ ಬ್ಯಾಜೆಟ್ ಮತ್ತು ಅವರ ಸಂಗಡಿಗರ ಪ್ರಬಂಧವೂ ಇದೆ. ಚಳಿಯಲ್ಲಿ ತೋಳಿನ ಅಪಧಮನಿಯಲ್ಲಿ ಇಳಿಯುವ ರಕ್ತವು ಮಣಿಕಟ್ಟನ್ನು ತಲುಪುವಷ್ಟರಲ್ಲಿ ಹಲವು ಡಿಗ್ರಿಗಳಷ್ಟು ತಣ್ಣಗಾಗುತ್ತದೆಂದು ಅವರು ಅಳೆದು ತೋರಿಸಿದ್ದರು. ಒಳಬರುವ ರಕ್ತಕ್ಕೆ ಒಂದೇ ಉಷ್ಣತೆಯೆಂಬ ಊಹೆಗೆ ಪ್ರತಿಕೂಲವಾದ ಸಾಕ್ಷ್ಯವು ಅದೇ ರಟ್ಟಿನೊಳಗೆ ಕೆಲವು ಹಾಳೆಗಳ ಹಿಂದೆಯೇ ಇತ್ತು. ಸಾಕ್ಷ್ಯವು ಇಲ್ಲದಿರುವುದಕ್ಕಿಂತ ಇದ್ದೂ ಓದಲ್ಪಡದಿರುವುದೇ ವಿದ್ಯೆಯ ಚರಿತ್ರೆಯಲ್ಲಿ ಹೆಚ್ಚು.

೧೯೯೮ರಲ್ಲಿ ವಿಸ್ಲರ್ ಅವರು ಪೆನ್ನೆಸರ ಪ್ರಬಂಧವನ್ನು ಅದೇ ಪತ್ರಿಕೆಯಲ್ಲಿ ಮರುವಿಚಾರಣೆಗೆ ತಂದರು. ಪೆನ್ನೆಸರ ಅಳತೆಗಳೇ ಪೆನ್ನೆಸರ ಸಿದ್ಧಾಂತಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪವನ್ನು ಅವರು ಎತ್ತಿಕೊಂಡು, ಬೇರೆ ಬೇರೆ ತೋಳುಗಳ ಅಳತೆಗಳನ್ನು ಒಂದೇ ಮಾನಕ್ಕೆ ತಾರದೆ ಹೋಲಿಸಿದುದರಿಂದ ಈ ವಿರೋಧವು ಕಂಡಿತೆಂದೂ, ಸರಿಯಾಗಿ ಮಾನಕ್ಕೆ ತಂದರೆ ಅವು ಸಿದ್ಧಾಂತವನ್ನು ಚೆನ್ನಾಗಿಯೇ ಬೆಂಬಲಿಸುತ್ತವೆಂದೂ ತೋರಿಸಿದರು. ಐವತ್ತು ವರ್ಷಗಳ ಹಿಂದಿನ ದತ್ತವನ್ನು ಹೀಗೆ ಶ್ರದ್ಧೆಯಿಂದ ಮರಳಿ ಓದುವುದು ಅಪರೂಪ. ಈ ಪ್ರಬಂಧವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆಕರ ವಿಮರ್ಶೆಯ ಮಾದರಿಯಾಗಿ ಓದಿಸಬಹುದು. ಆದರೆ ಎರಡು ಮಾತುಗಳನ್ನು ಸೇರಿಸಬೇಕು. ವಿಸ್ಲರ್ ಅವರು ಈ ವ್ಯಾಜ್ಯದಲ್ಲಿ ತಟಸ್ಥರಲ್ಲ. ವೈನ್‌ಬಾಮ್ ಮತ್ತು ಜಿಜಿ ಅವರ ಹೊಸ ಸಮೀಕರಣವನ್ನು ಅವರು ೧೯೮೭ರಲ್ಲಿಯೇ ಟೀಕಿಸಿದ್ದವರು. ಅಲ್ಲದೆ, ದತ್ತವು ಸಿದ್ಧಾಂತಕ್ಕೆ ಹೊಂದುವುದೆಂದರೆ ಸಿದ್ಧಾಂತದ ಒಳಗಿನ ಚಿತ್ರವು ನಿಜವೆಂದು ಅರ್ಥವಾಗುವುದಿಲ್ಲ. ಹೊಂದಿಸಲು ಒಂದು ಗುಣಾಂಕವು ಕೈಯಲ್ಲಿದ್ದಾಗ ತಪ್ಪು ಚಿತ್ರವೂ ಸರಿಯಾದ ರೇಖೆಯನ್ನು ಎಳೆಯಬಲ್ಲದು.

ಇಷ್ಟು ಮುಂದೋಳಿನ ವಿಚಾರ. ಪ್ರಾಸ್ಟೇಟಿಗೆ ಬಂದಾಗ ವ್ಯಾಜ್ಯದ ರೂಪವೇ ಬದಲಾಗುತ್ತದೆ, ಮತ್ತು ಇದನ್ನು ಮಾದರಿಗಾರರಾಗಲಿ ಅವರ ಟೀಕಾಕಾರರಾಗಲಿ ಸಾಕಷ್ಟು ಒತ್ತಿ ಹೇಳಿಲ್ಲವೆಂಬುದು ನಮ್ಮ ಅಭಿಪ್ರಾಯ. ತೋಳು ದೇಹದ ಅಂಚು. ಅಲ್ಲಿಗೆ ಬರುವ ರಕ್ತವು ದಾರಿಯಲ್ಲಿ ತಣ್ಣಗಾಗಬಹುದು. ಪ್ರಾಸ್ಟೇಟು ದೇಹದ ಆಳದಲ್ಲಿ ಅಡಗಿರುವ ಗ್ರಂಥಿ. ಅಲ್ಲಿಗೆ ಬರುವ ರಕ್ತದ ಉಷ್ಣತೆ ೩೭ ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಮುಂದೋಳಿನಲ್ಲಿ ಪೆನ್ನೆಸರಿಗೆ ದುರ್ಬಲವಾಗಿದ್ದ ಊಹೆಯು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕುಸಿಯುವುದು ಇನ್ನೊಂದು ಕಂಬ. ವಿಶ್ರಾಂತಿಯಲ್ಲಿರುವ ತೋಳಿನಲ್ಲಿ ರಕ್ತದ ಹರಿವು ಸ್ಥಿರವೆನ್ನಬಹುದು. ಬೇಯುತ್ತಿರುವ ಗ್ರಂಥಿಯಲ್ಲಿ ಹಾಗೆನ್ನಲಾಗದು. ಶಾಖವೇರಿದಂತೆ ದೇಹವು ತನ್ನನ್ನು ತಾನು ಕಾಪಾಡಿಕೊಳ್ಳಲು ರಕ್ತವನ್ನು ಹೆಚ್ಚಾಗಿ ಹರಿಸುತ್ತದೆ. ೧೯೯೫ರಲ್ಲಿ ಲಾರ್ಸನ್ ಮತ್ತು ಕಾಲಿನ್ಸ್ ಅವರು ಇಬ್ಬರು ರೋಗಿಗಳಲ್ಲಿ ಇದನ್ನು ಕಂಡರು; ೧೯೯೮ರಲ್ಲಿ ಕ್ಸು, ಝು ಮತ್ತು ಹೋಮ್ಸ್ ಅವರು ನಾಯಿಗಳ ಪ್ರಾಸ್ಟೇಟಿನಲ್ಲಿ ಇದನ್ನು ವಿಸ್ತಾರವಾಗಿ ಪರಿಶೀಲಿಸಿದರು. ಶಾಖವು ಇನ್ನೂ ಏರಿದರೆ ರಕ್ತನಾಳಗಳೇ ಹೆಪ್ಪುಗಟ್ಟಿ ಹರಿವು ನಿಂತುಹೋಗುತ್ತದೆ. ಆದುದರಿಂದ ಹರಿವೆಂಬುದು ಮೊದಲು ಏರಿ ಆಮೇಲೆ ಇಳಿಯುವ, ಸ್ಥಳದಿಂದ ಸ್ಥಳಕ್ಕೂ ರೋಗಿಯಿಂದ ರೋಗಿಗೂ ಬೇರೆಯಾದ ಒಂದು ಚಲರಾಶಿ.

ಇದರ ಪರಿಣಾಮವೆಷ್ಟೆಂಬುದನ್ನು ಕಾಲೇಜಿನ ಗಣಿತದಿಂದಲೇ ತಿಳಿಯಬಹುದು. ೧೦೦ ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ೨೦ ಮಿಲಿಲೀಟರ್ ರಕ್ತವು ಹರಿಯುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಆಗ ಪೆನ್ನೆಸರ ಸಮೀಕರಣದ ಪ್ರಕಾರ, ಬಿಸಿಯಾದ ಭಾಗದಿಂದ ಆಚೆಗೆ ವಹನದಿಂದ ಶಾಖವು ಪರಿಣಾಮಕಾರಿಯಾಗಿ ಹಬ್ಬುವ ದೂರ ಸುಮಾರು ೬ ಮಿಲಿಮೀಟರ್. ಹರಿವು ನಾಲ್ಕು ಮಡಿಯಾದರೆ ಆ ದೂರ ಅರ್ಧಕ್ಕೆ, ಎಂದರೆ ೩ ಮಿಲಿಮೀಟರಿಗೆ ಇಳಿಯುತ್ತದೆ. ಒಂದೇ ಶಕ್ತಿಯನ್ನು ಒಂದೇ ಹೊತ್ತು ಕೊಟ್ಟರೂ ಒಬ್ಬನ ಗ್ರಂಥಿಯಲ್ಲಿ ಸಾಯುವ ಭಾಗವು ದೊಡ್ಡದು, ಇನ್ನೊಬ್ಬನಲ್ಲಿ ಚಿಕ್ಕದು.

ಸ್ವೀಡನ್ನಿನ ಲುಂಡ್ ನಗರದವರು ಈ ತೊಡಕನ್ನು ಬಿಡಿಸಿದ ಬಗೆಯು ಗಮನಾರ್ಹವಾದುದು. ಬೋಲ್ಮ್‌ಶೋ, ಸ್ಟುರೆಸನ್ ಮತ್ತು ಅವರ ಸಹೋದ್ಯೋಗಿಗಳು ೧೯೯೮ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಶಕ್ತಿ, ರಕ್ತದ ಹರಿವು, ಉಷ್ಣತೆ ಮತ್ತು ಅಂಗಾಂಶದ ನಾಶ ಈ ನಾಲ್ಕರ ಸಂಬಂಧವನ್ನು ಲೆಕ್ಕ ಹಾಕಿದ್ದಾರೆ. ಅದೇ ನಗರದಲ್ಲಿ ಬೆಳೆದ ಚಿಕಿತ್ಸಾ ವಿಧಾನದಲ್ಲಿ ಕೊಳವೆಯಿಂದ ಒಂದು ಶೋಧಕವನ್ನು ಗ್ರಂಥಿಯೊಳಕ್ಕೆ ಚುಚ್ಚಿ ಉಷ್ಣತೆಯನ್ನು ಚಿಕಿತ್ಸೆಯ ಉದ್ದಕ್ಕೂ ಅಳೆಯುತ್ತಾರೆ. ಯಾವ ಹರಿವನ್ನು ಇಟ್ಟುಕೊಂಡರೆ ಈ ಅಳತೆ ಬರುತ್ತದೆಂಬುದನ್ನು ಗಣಕಯಂತ್ರವು ಹಿಮ್ಮುಖವಾಗಿ ಲೆಕ್ಕ ಹಾಕುತ್ತದೆ. ಆ ಹರಿವನ್ನು ಮತ್ತೆ ಸಮೀಕರಣಕ್ಕೆ ಸೇರಿಸಿ ಎಷ್ಟು ಗ್ರಾಂ ಅಂಗಾಂಶವು ಸತ್ತಿದೆಯೆಂದು ಪರದೆಯ ಮೇಲೆ ತೋರಿಸುತ್ತದೆ. ವೈದ್ಯನು ಆ ಸಂಖ್ಯೆಯನ್ನು ನೋಡಿ ಚಿಕಿತ್ಸೆಯನ್ನು ನಿಲ್ಲಿಸುತ್ತಾನೆ. ವಾಚಕರು ಗಮನಿಸಿರಬಹುದು: ಇದು ೧೯೪೮ರಲ್ಲಿ ಪೆನ್ನೆಸರು ಮಾಡಿದ ಕೆಲಸವೇ. ಅವರೂ ಉಷ್ಣತೆಯನ್ನು ಅಳೆದು ಹರಿವನ್ನು ಹೊಂದಿಸಿಕೊಂಡಿದ್ದರು. ಅಲ್ಲಿ ದೌರ್ಬಲ್ಯವೆನಿಸಿದ್ದುದನ್ನು ಇಲ್ಲಿ ಬೇಕೆಂದೇ ಉಪಾಯವಾಗಿ ಬಳಸಿದ್ದಾರೆ.

ಈ ಉಪಾಯದ ಬಲವೇನು, ಮಿತಿಯೇನು? ಹೀಗೆ ದೊರೆತ ಹರಿವನ್ನು ನಿಜವಾದ ರಕ್ತದ ಹರಿವೆಂದು ತಿಳಿಯುವುದು ತಪ್ಪಾದೀತು. ಶೋಧಕವು ಆಂಟೆನಾದಿಂದ ಇರಬೇಕಾದ ದೂರಕ್ಕಿಂತ ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ, ಅಂಗಾಂಶವು ಹೀರಿದ ಶಕ್ತಿಯ ಲೆಕ್ಕ ತುಸು ತಪ್ಪಿದ್ದರೆ, ವಾಹಕತೆಯ ಬೆಲೆ ಹೆಚ್ಚುಕಡಿಮೆಯಾಗಿದ್ದರೆ, ಆ ತಪ್ಪೆಲ್ಲವೂ ಹರಿವಿನ ಬೆಲೆಯೊಳಕ್ಕೆ ಸೇರಿಕೊಳ್ಳುತ್ತದೆ. ಕಚೇರಿಯ ಲೆಕ್ಕಪುಸ್ತಕದಲ್ಲಿ ಯಾವ ಬಾಬಿಗೂ ಸೇರದ ಹಣವನ್ನು ಅನಾಮತ್ತು ಖಾತೆಗೆ ಹಾಕುವಂತೆ, ಇಲ್ಲಿ ಹರಿವು ಎಂಬುದು ಅನಾಮತ್ತು ಖಾತೆ. ಆದರೂ ಶೋಧಕದ ಸುತ್ತಮುತ್ತ ಈ ವಿಧಾನವನ್ನು ನಂಬಬಹುದು. ಏಕೆಂದರೆ ಜೀವಕೋಶವನ್ನು ಕೊಲ್ಲುವುದು ಉಷ್ಣತೆ, ಮತ್ತು ಅಲ್ಲಿ ಉಷ್ಣತೆಯು ಅಳತೆಗೆ ಸಿಕ್ಕಿದೆ. ಶೋಧಕವಿಲ್ಲದ ಕಡೆಗೆ, ಮುಖ್ಯವಾಗಿ ಹಿಂದೆ ಗುದನಾಳದ ಕಡೆಗೆ ಹೋದಂತೆ, ಅಳತೆಯು ದೂರವಾಗಿ ಊಹೆಯೇ ಉಳಿಯುತ್ತದೆ. ಈ ವಿಧಾನವನ್ನು ಕತ್ತರಿಸುವ ಶಸ್ತ್ರಕ್ರಿಯೆಯೊಡನೆ ಹೋಲಿಸಿದ ಪರೀಕ್ಷೆಯು ೨೦೦೨ರಲ್ಲಿ ಪ್ರಕಟವಾಯಿತು. ರೋಗಲಕ್ಷಣಗಳ ಶಮನದಲ್ಲಿ ಎರಡೂ ಹತ್ತಿರ ಹತ್ತಿರ ನಿಂತವು. ರೋಗಿಗೆ ಗುಣವಾಯಿತೆಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಪರದೆಯ ಮೇಲಿನ ಗ್ರಾಂ ಸಂಖ್ಯೆಯು ಸರಿಯೆಂಬುದಕ್ಕೆ ಪರೋಕ್ಷವಾದ ಸಾಕ್ಷ್ಯ ಮಾತ್ರ.

ಉಷ್ಣತೆಯಿಂದ ಮರಣಕ್ಕೆ ಹೋಗುವ ಮೆಟ್ಟಿಲೂ ಇನ್ನೊಂದು ಹಳೆಯ ಆಕರದ ಮೇಲೆ ನಿಂತಿದೆ. ೧೯೪೭ರಲ್ಲಿ ಮೋರಿಟ್ಸ್ ಮತ್ತು ಹೆನ್ರಿಕ್ಸ್ ಅವರು ಹಂದಿಯ ಚರ್ಮವನ್ನು ಬೇರೆ ಬೇರೆ ಶಾಖಗಳಲ್ಲಿ ಬೇರೆ ಬೇರೆ ಹೊತ್ತು ಸುಟ್ಟು, ಯಾವ ಶಾಖದಲ್ಲಿ ಎಷ್ಟು ಹೊತ್ತಿಗೆ ಹೊರಚರ್ಮವು ಸಾಯುತ್ತದೆಂದು ಕಂಡುಕೊಂಡರು. ೪೪ ಡಿಗ್ರಿಯಲ್ಲಿ ಸುಮಾರು ೬ ಗಂಟೆ ಬೇಕಾಯಿತು. ಹೆನ್ರಿಕ್ಸ್ ಅವರು ಇದನ್ನು ಅರ್ಹೇನಿಯಸನು ೧೮೮೯ರಲ್ಲಿ ರಾಸಾಯನಿಕ ಕ್ರಿಯೆಗಳಿಗಾಗಿ ಹೇಳಿದ ನಿಯಮದ ರೂಪಕ್ಕೆ ತಂದರು. ಗುಣಾಂಕವು ೩.೧ನ್ನು ೧೦ರ ೯೮ನೆಯ ಘಾತದಿಂದ ಗುಣಿಸಿದಷ್ಟು. ಘಾತಾಂಕದಲ್ಲಿ ೭೫,೦೦೦ವನ್ನು ನಿರಪೇಕ್ಷ ಉಷ್ಣತೆಯಿಂದ ಭಾಗಿಸಬೇಕು. ಹಂದಿಯ ಚರ್ಮದ ಈ ಸ್ಥಿರಾಂಕಗಳನ್ನು ಪ್ರಾಸ್ಟೇಟೂ ಸೇರಿ ಅನೇಕ ಅಂಗಗಳ ಲೆಕ್ಕಗಳಲ್ಲಿ ಬಳಸಿದ್ದಾರೆ.

೭೫,೦೦೦ ಎಂಬ ಈ ದುಂಡು ಸಂಖ್ಯೆಯು ಕ್ರಿಯಾಶಕ್ತಿಯನ್ನು ೧,೫೦,೦೦೦ ಕ್ಯಾಲರಿಯೆಂದೂ ಅನಿಲ ಸ್ಥಿರಾಂಕವನ್ನು ೨ ಎಂದೂ ಇಟ್ಟುಕೊಂಡರೆ ಬರುವುದು. ಅನಿಲ ಸ್ಥಿರಾಂಕವು ನಿಜವಾಗಿ ೧.೯೮೭. ಬಳಿಕ ಬಂದವರು ಕ್ರಿಯಾಶಕ್ತಿಯನ್ನು ಜೂಲಿಗೆ ಪರಿವರ್ತಿಸಿ ೬,೨೮,೦೦೦ ಎಂದು ಬರೆದು, ಅನಿಲ ಸ್ಥಿರಾಂಕವನ್ನು ನಿಷ್ಕೃಷ್ಟವಾಗಿ ೮.೩೧೪ ಎಂದು ಇಟ್ಟುಕೊಂಡರು. ಭಾಗಿಸಿದರೆ ಸುಮಾರು ೭೫,೫೩೫ ಬರುತ್ತದೆ. ವ್ಯತ್ಯಾಸವು ನೂರಕ್ಕೆ ಒಂದಕ್ಕೂ ಕಡಿಮೆ. ಆದರೆ ಅದು ಘಾತಾಂಕದಲ್ಲಿ ಕೂತಿರುವುದರಿಂದ ಫಲವು ಬೇರೆ. ೪೪ ಡಿಗ್ರಿಯಲ್ಲಿ ಚರ್ಮವು ಸಾಯಲು ಬೇಕಾದ ಹೊತ್ತು ೭೫,೦೦೦ದ ಲೆಕ್ಕದಲ್ಲಿ ಸುಮಾರು ೪.೫ ಗಂಟೆ, ೭೫,೫೩೫ರ ಲೆಕ್ಕದಲ್ಲಿ ಸುಮಾರು ೨೪ ಗಂಟೆ. ಹಂದಿಯ ಮೇಲೆ ಕಂಡದ್ದು ೬ ಗಂಟೆ. ಒರಟು ಸಂಖ್ಯೆಯನ್ನು ಬಳಸಿದ ಮೂಲವು ಅನುಭವಕ್ಕೆ ಹತ್ತಿರ, ತಿದ್ದಿ ನಯಗೊಳಿಸಿದ ನಕಲು ದೂರ. ಮೂಲದ ಗುಣಾಂಕವನ್ನು ಹಾಗೆಯೇ ಉಳಿಸಿಕೊಂಡು ಅದರ ಜೊತೆಯ ಸಂಖ್ಯೆಯನ್ನು ಮಾತ್ರ ತಿದ್ದಿದ್ದೇ ಇದಕ್ಕೆ ಕಾರಣ. ಅವೆರಡೂ ಕೂಡಿ ಹುಟ್ಟಿದವು, ಬೇರ್ಪಡಿಸಿದರೆ ಕೆಡುತ್ತವೆ. ಗ್ರಂಥಸಂಪಾದನೆ ಮಾಡಿದವರು ಇದನ್ನು ಓದಿ ನಕ್ಕಾರು: ಪದ್ಯದ ಒಂದು ಅಕ್ಷರವನ್ನು ವ್ಯಾಕರಣಕ್ಕಾಗಿ ತಿದ್ದಿ ಛಂದಸ್ಸನ್ನು ಕೆಡಿಸುವವರು ನಮ್ಮಲ್ಲಿಯೂ ಇದ್ದಾರಷ್ಟೆ.

ಇದೇ ನಿಯಮದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ೪೫ ಡಿಗ್ರಿಯ ಆಸುಪಾಸಿನಲ್ಲಿ ಉಷ್ಣತೆಯು ಒಂದು ಡಿಗ್ರಿ ಏರಿದರೆ ಸಾವಿನ ವೇಗವು ಎರಡು ಮಡಿಗಿಂತ ತುಸು ಹೆಚ್ಚಾಗುತ್ತದೆ. ಕ್ಯಾನ್ಸರ್ ಉಷ್ಣಚಿಕಿತ್ಸೆಗಾಗಿ ಸಪರೆಟೊ ಮತ್ತು ಡ್ಯೂಯಿ ಅವರು ೧೯೮೪ರಲ್ಲಿ ಹೇಳಿದ, ೪೩ ಡಿಗ್ರಿಯ ಮೇಲೆ ಡಿಗ್ರಿಗೊಂದು ಇಮ್ಮಡಿಯೆಂಬ ಸೂತ್ರವೂ ಇದಕ್ಕೆ ಹತ್ತಿರದ್ದೇ. ಹೀಗಿರಲು, ಮಾದರಿಯ ಉಷ್ಣತೆಯಲ್ಲಿ ೩ ಡಿಗ್ರಿ ತಪ್ಪಿದ್ದರೆ ನಾಶದ ಲೆಕ್ಕದಲ್ಲಿ ಎಂಟು ಒಂಬತ್ತು ಮಡಿ ತಪ್ಪು. ಮೂರು ಡಿಗ್ರಿಯ ಹೊಂದಾಣಿಕೆಯನ್ನು ತೃಪ್ತಿಕರವೆಂದು ಬರೆಯುವ ಪ್ರಬಂಧಕಾರರು ಈ ಎರಡನೆಯ ವಾಕ್ಯವನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಇದೆಲ್ಲ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೦೦ದ ಅಕ್ಟೋಬರಿನಲ್ಲಿ, ಪ್ರಾಸ್ಟೇಟಿನ ಸೂಕ್ಷ್ಮತರಂಗ ಚಿಕಿತ್ಸೆಯಿಂದ ಕೆಲವು ರೋಗಿಗಳಿಗೆ ತೀವ್ರವಾದ ಸುಟ್ಟ ಗಾಯಗಳಾದುವೆಂದು ಸಾರ್ವಜನಿಕ ಸೂಚನೆಯನ್ನು ಹೊರಡಿಸಿತು. ಕೊಳವೆಯಾಗಲಿ ಗುದನಾಳದ ಉಷ್ಣಮಾಪಕವಾಗಲಿ ಇರಬೇಕಾದಲ್ಲಿ ಇರದಿದ್ದುದು ಅಥವಾ ನಡುವೆ ಜರುಗಿದುದು, ನೋವು ತಿಳಿಯದಷ್ಟು ಮಂಪರಿನ ಔಷಧ ಕೊಟ್ಟದ್ದು ಅದರಲ್ಲಿ ಹೇಳಿದ ಕಾರಣಗಳಲ್ಲಿ ಸೇರಿವೆ. ವೈದ್ಯನು ಚಿಕಿತ್ಸೆಯ ಉದ್ದಕ್ಕೂ ರೋಗಿಯ ಬಳಿ ಇರಬೇಕೆಂದೂ ಅದು ಹೇಳಿತು. ಈ ಸೂಚನೆಯು ಮೇಲೆ ಹೇಳಿದ ಸ್ವೀಡನ್ನಿನ ಯಂತ್ರಕ್ಕೆ ಸಂಬಂಧಿಸಿದ್ದಲ್ಲ; ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತದ್ದು ಆಮೇಲೆ. ಆದರೆ ಸೂಚನೆಯಲ್ಲಿನ ಕಾರಣಗಳು ಯಾವ ಮಾದರಿಯ ಸಮೀಕರಣದಲ್ಲಿಯೂ ಇಲ್ಲವೆಂಬುದನ್ನು ನೋಡಬೇಕು. ಮಾದರಿಯಲ್ಲಿ ಆಂಟೆನಾ ಯಾವಾಗಲೂ ಗ್ರಂಥಿಯ ನಟ್ಟನಡುವೆ ಇರುತ್ತದೆ. ಅದು ಜರುಗಿತೆಂದು ಕೂಗಿ ಹೇಳಬಲ್ಲವನು ರೋಗಿಯೊಬ್ಬನೇ. ಅವನನ್ನು ಮಂಪರಿನಲ್ಲಿ ಮಲಗಿಸಿದರೆ ಆ ಸಾಕ್ಷಿಯ ಬಾಯಿಯೂ ಕಟ್ಟಿದಂತೆ.

ಆದುದರಿಂದ ಇಂಥ ಮಾದರಿಯನ್ನು ಪ್ರಕಟಿಸುವವರು ಪೆನ್ನೆಸರ ಹೆಸರಿನ ಪಕ್ಕದಲ್ಲಿ ಮೂರು ವಿಷಯಗಳನ್ನು ತಿಳಿಸುವುದು ಅವಶ್ಯವೆಂದು ನಮಗೆ ತೋರುತ್ತದೆ: ರಕ್ತದ ಹರಿವು ಅಳೆದದ್ದೋ ಹೊಂದಿಸಿದ್ದೋ, ನಾಶದ ಸ್ಥಿರಾಂಕಗಳು ಯಾವ ಪ್ರಾಣಿಯ ಯಾವ ಅಂಗದವು, ಆಂಟೆನಾವನ್ನು ಐದು ಮಿಲಿಮೀಟರ್ ಜರುಗಿಸಿ ಲೆಕ್ಕ ಹಾಕಿದರೆ ಗುದನಾಳದ ಗೋಡೆಯ ಉಷ್ಣತೆ ಎಷ್ಟಾಗುತ್ತದೆ. ಮೂರನೆಯದಕ್ಕೆ ಗಣಕಯಂತ್ರಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ.

ಸೂಕ್ಷ್ಮತರಂಗ ಚಿಕಿತ್ಸೆಯ ಬಳಕೆಯು ಈಗ ಬಹಳ ಇಳಿದಿದೆ. ಅಮೆರಿಕದಲ್ಲಿ ೨೦೧೫ರಲ್ಲಿ ಅನುಮತಿ ಪಡೆದ ನೀರಾವಿಯ ಚಿಕಿತ್ಸೆಯು ಅದರ ಎಡೆಗೆ ಬಂದಿರುವ ವಿಧಾನಗಳಲ್ಲೊಂದು. ಅದರಲ್ಲಿ ಸೂಜಿಯಿಂದ ಆವಿಯನ್ನು ಒಂದೊಂದು ಸಲಕ್ಕೆ ೯ ಸೆಕೆಂಡುಗಳ ಕಾಲ ಗ್ರಂಥಿಯೊಳಕ್ಕೆ ಬಿಡುತ್ತಾರೆ. ಆವಿಯು ಜೀವಕೋಶಗಳ ಸಂದುಗಳಲ್ಲಿ ನುಸುಳಿ, ನೀರಾಗುವಾಗ ಗ್ರಾಮಿಗೆ ಸುಮಾರು ೫೪೦ ಕ್ಯಾಲರಿಗಳ ಗುಪ್ತೋಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಒಂಬತ್ತು ಸೆಕೆಂಡುಗಳಲ್ಲಿ ರಕ್ತವು ಕೊಂಡೊಯ್ಯುವ ಶಾಖವು ಅಲ್ಪ. ಆದಕಾರಣ ಐವತ್ತು ವರ್ಷ ವ್ಯಾಜ್ಯಕ್ಕೆ ಎಡೆಮಾಡಿದ ಪೆನ್ನೆಸರ ರಕ್ತಪದವು ಇಲ್ಲಿ ಹೆಚ್ಚುಕಡಿಮೆ ಮೌನವಾಗಿದೆ. ಆವಿಯು ಯಾವ ಸಂದಿನಲ್ಲಿ ನುಸುಳಿ ಎಲ್ಲಿ ತಡೆಯಲ್ಪಡುತ್ತದೆಂಬುದು ಈಗಿನ ಪ್ರಶ್ನೆ. ಅದಕ್ಕೆ ಮುಂದೋಳಿನ ಆಕರವು ಉತ್ತರ ಕೊಡಲಾರದು. ಹೆನ್ರಿಕ್ಸ್ ಅವರ ಹಂದಿಯ ಸ್ಥಿರಾಂಕಗಳು ಮಾತ್ರ ಈ ಹೊಸ ಲೆಕ್ಕಕ್ಕೂ ತಿದ್ದುಪಡಿಯ ಪಾಠದಲ್ಲಿಯೇ ಬಂದು ಸೇರದಂತೆ ನೋಡಿಕೊಳ್ಳಬೇಕಾಗಿದೆ.